ನಲ್ಲಿಯ ಬಳಿ ಇಪ್ಪತ್ತು ನಿಮಿಷ

ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾಗುವ ಹೊತ್ತಿಗೆ ಹದಿಮೂರನೆಯ ದಿನದ ಊಟವೂ ಮುಗಿದಿತ್ತು. ಹೇಳಿದವನು ಅಶೋಕ ಪಿಲ್ಲರ್ ಬಳಿಯ ಸೈಕಲ್ ಶಾಪಿನವನು. ನನ್ನ ಹಿಂದಿನ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದವನು ಪಂಪಿನಿಂದ ಕೈ ತೆಗೆಯದೆಯೇ ಹೇಳಿದ. ಒಂದೇ ಕಚೇರಿಯ ಒಂದೇ ಕೋಣೆಯಲ್ಲಿ ಅವರೊಂದಿಗೆ ಹನ್ನೊಂದು ವರ್ಷ ಕೂತಿದ್ದ ನನಗೆ ಅವನಿಗಿಂತ ತಡವಾಗಿ ತಿಳಿಯಿತು.

ಅದಾಗಿ ಬಹಳ ಕಾಲವಾಯಿತು. ಅವರು ಬದುಕಿದ್ದಕ್ಕಿಂತ ಹೆಚ್ಚು ವರ್ಷ ನಾನು ಬದುಕಿದ್ದೇನೆ. ಐದಕ್ಕೆ ಏಳುತ್ತೇನೆ, ಆರಕ್ಕೆ ನಡೆಯುತ್ತೇನೆ, ಒಂಬತ್ತಕ್ಕೆ ಊಟ ಮಾಡುತ್ತೇನೆ. ನಿವೃತ್ತನಾಗಿ ಇಷ್ಟು ವರ್ಷವಾದರೂ ಊಟ ಒಂಬತ್ತಕ್ಕೇ. ಈ ಶಿಸ್ತಿನಲ್ಲಿ ಅರ್ಧ ನನ್ನ ತಂದೆಯವರದು, ಉಳಿದರ್ಧ ಅವರದು. ಅವರ ಬಗ್ಗೆ ನಾಲ್ಕು ಮಾತು ಬರೆದಿಡಬೇಕೆಂದು ಬಹಳ ದಿನದಿಂದ ಇತ್ತು. ಹೆಸರು ಬರೆಯುವುದಿಲ್ಲ. ತಮ್ಮ ವಿಷಯವನ್ನು ಜನ ಎತ್ತಿ ಆಡುವುದು ಅವರಿಗೆ ಹಿಡಿಸುತ್ತಿರಲಿಲ್ಲ.

ಐವತ್ತರ ದಶಕದ ನಡುಭಾಗ. ನಾನು ಸರ್ಕಾರಿ ಕಚೇರಿಯೊಂದಕ್ಕೆ ಹೊಸದಾಗಿ ಸೇರಿದ ಗುಮಾಸ್ತ, ಅವರು ಅಲ್ಲಿಯ ಹಿರಿಯ ಗುಮಾಸ್ತರು. ಕಚೇರಿ ಇದ್ದದ್ದು ಟೌನ್ ಹಾಲ್ ದಾಟಿ ಇನ್ನೂ ಮುಂದೆ. ಅವರ ಮನೆ ಯಡಿಯೂರು ಕೆರೆಯ ಹತ್ತಿರ. ನಾನು ಜಯನಗರದಲ್ಲಿ ಬಾಡಿಗೆಗೆ ಮನೆ ಹಿಡಿದಿದ್ದೆ. ಜಯನಗರ ಆಗಿನ್ನೂ ಅಳತೆಗಲ್ಲುಗಳ ಊರು. ರಸ್ತೆಗಳಿದ್ದವು, ಟಾರು ಇರಲಿಲ್ಲ, ಸೈಟುಗಳಿದ್ದವು, ಮನೆಗಳಿರಲಿಲ್ಲ. ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಕೆಂಪು ಕೆಸರು. ನಮ್ಮ ಕಡೆಯಿಂದ ಬಿಳಿ ಬಟ್ಟೆ ಹಾಕಿಕೊಂಡು ಸೈಕಲ್ ಹತ್ತಿದವನು ಕಚೇರಿಯಲ್ಲಿ ಇಳಿಯುವಾಗ ಇಟ್ಟಿಗೆ ಗೂಡಿನಿಂದ ಎದ್ದು ಬಂದ ಹಾಗೆ ಇರುತ್ತಿದ್ದ.

ಮೊದಲ ವಾರ ನಾನು ಹಾಗೆಯೇ ಹೋದೆ. ಅಂಗಿ ಬೆನ್ನಿಗೆ ಅಂಟಿತ್ತು. ಬಲಗಾಲಿನ ಪ್ಯಾಂಟಿಗೆ ಚೈನಿನ ಕರಿ ಹತ್ತಿತ್ತು. ಹಣೆಯಿಂದ ಒಂದು ಹನಿ ಫೈಲಿನ ಮೇಲೆ ಬಿದ್ದು ಶಾಯಿ ಹರಡಿತು. ನಾಲ್ಕು ಮೇಜು ಆಚೆ ಕೂತಿದ್ದ ಅವರು ಅದನ್ನು ನೋಡಿದರು. ಸಂಜೆ ಸೈಕಲ್ ಸ್ಟ್ಯಾಂಡಿನಲ್ಲಿ ಹತ್ತಿರ ಬಂದು ಎಲ್ಲಿಂದ ಬರುವುದು ಎಂದು ವಿಚಾರಿಸಿದರು. ಹೇಳಿದೆ.

"ಎಷ್ಟೊತ್ತಿಗೆ ಹೊರಡ್ತೀರಿ?"

"ಹತ್ತು ಗಂಟೆಗೆ ಸಾರ್."

"ಅಂದ್ರೆ ಹತ್ತೂವರೆ ಆಫೀಸಿಗೆ ಅರ್ಧ ಗಂಟೇಲಿ ಬರ್ತೀರಿ. ತುಳ್ಕೊಂಡು ಬರೋದಲ್ಲ ಅದು, ಓಡಿ ಬರೋದು. ನಾಳೆ ಒಂಬತ್ತು ಇಪ್ಪತ್ತಕ್ಕೆ ಅಶೋಕ ಪಿಲ್ಲರ್ ಹತ್ರ ನಿಂತಿರಿ. ನನ್ನ ಹಿಂದೆ ಬನ್ನಿ."

ಮಾರನೆಯ ದಿನ ನಿಂತೆ. ಅವರು ಬಂದರು. ನಿಲ್ಲಲಿಲ್ಲ; ತಲೆಯಾಡಿಸಿ ಮುಂದೆ ಹೋದರು, ನಾನು ಹಿಂಬಾಲಿಸಿದೆ. ಹಾಗೆ ಶುರುವಾದದ್ದು ಎಂಟು ವರ್ಷ ನಡೆಯಿತು.

ನಿಯಮಗಳನ್ನು ಅವರು ಒಂದೊಂದಾಗಿ ಹೇಳಿಕೊಟ್ಟರು. ನನ್ನ ಮತ್ತು ಅವರ ಸೈಕಲ್ ನಡುವೆ ಹತ್ತು ಮಾರು ಅಂತರವಿರಬೇಕು, ಇಲ್ಲದಿದ್ದರೆ ಮುಂದಿನವರ ಧೂಳು ಹಿಂದಿನವರಿಗೆ. ಏರು ಬಂದರೆ ಇಳಿದು ತಳ್ಳಬೇಕು. ಬಸ್ಸಿನ ಹಿಂದೆ ಹೋಗಬಾರದು. ದಾರಿಯಲ್ಲಿ ಮಾತಾಡಬಾರದು. ಮಾತಾಡಿದರೆ ಉಸಿರು ಕೆಡುತ್ತದೆ, ಉಸಿರು ಕೆಟ್ಟರೆ ಬೆವರು ಬರುತ್ತದೆ. ಕೋಟು ಹಾಕಿಕೊಂಡು ಸೈಕಲ್ ಹತ್ತಬಾರದು. ಅದನ್ನು ಒಳಮೈ ಹೊರಗೆ ಮಾಡಿ ಮೂರು ಮಡಿಕೆ ಮಡಚಿ, ಒಗೆದ ಟವೆಲ್ಲಿನಲ್ಲಿ ಸುತ್ತಿ, ಹಿಂದಿನ ಕ್ಯಾರಿಯರ್‌ಗೆ ಕಟ್ಟಬೇಕು. ಪ್ಯಾಂಟಿಗೆ ಬರಿಯ ಕ್ಲಿಪ್ ಹಾಕಿದರೆ ಗೆರೆ ಬೀಳುತ್ತದೆ, ಆದ್ದರಿಂದ ಮೊದಲು ಹಳೆ ಪಂಚೆಯ ಒಂದು ಪಟ್ಟಿ ಸುತ್ತಿ ಅದರ ಮೇಲೆ ಕ್ಲಿಪ್. ಕರ್ಚೀಫು ಮೂರು ಬೇಕು: ಒಂದು ಮುಖಕ್ಕೆ, ಒಂದು ಸೀಟಿಗೆ, ಒಂದು ಜೇಬಿಗೆ. ಜೇಬಿನದ್ದನ್ನು ಅವರು ಬಿಡಿಸಿದ್ದನ್ನು ನಾನು ಎಂದೂ ನೋಡಲಿಲ್ಲ.

ಲಾಲ್‌ಬಾಗಿನ ಗೋಡೆಯ ಪಕ್ಕದ ಏರಿನಲ್ಲಿ ಅವರು ಇಳಿದು ಸೈಕಲ್ ತಳ್ಳುತ್ತಿದ್ದರೆ ಕಾಲೇಜು ಹುಡುಗರು ಗುಂಪಾಗಿ ಹಾಯ್ದು ಹೋಗುತ್ತ ರೇಗಿಸುತ್ತಿದ್ದರು. "ಏನ್ ಸಾರ್, ಸೈಕಲ್‌ಗೆ ಸುಸ್ತಾಯ್ತಾ?" ಎಂದು ಒಬ್ಬ ಕೇಳಿದರೆ ಅವರು ಗಂಭೀರವಾಗಿ ಅದರ ಹ್ಯಾಂಡಲ್ ತಟ್ಟಿ, "ಹೌದಪ್ಪ, ವಯಸ್ಸಾಯ್ತು ಇದಕ್ಕೆ" ಅನ್ನುತ್ತಿದ್ದರು. ದಾರಿಯಲ್ಲಿ ಅವರು ಬಾಯಿ ಬಿಡುತ್ತಿದ್ದದ್ದು ಅಷ್ಟಕ್ಕೇ.

ಹತ್ತಕ್ಕೆ ಸರಿಯಾಗಿ ಕಚೇರಿಯ ಹಿಂಬಾಗಿಲು. ಸೈಕಲ್ ಸ್ಟ್ಯಾಂಡಿನ ಪಕ್ಕದಲ್ಲಿ ಒಂದು ನಲ್ಲಿ ಇತ್ತು. ಅಲ್ಲಿ ಅವರಿಗೆ ಇಪ್ಪತ್ತು ನಿಮಿಷದ ಕೆಲಸ. ಮೊದಲು ಐದು ನಿಮಿಷ ಸುಮ್ಮನೆ ನೆರಳಿನಲ್ಲಿ ನಿಲ್ಲುತ್ತಿದ್ದರು. ಮೈ ಆರುವ ಮೊದಲು ನೀರು ಮುಟ್ಟಿದರೆ ಬೆವರು ಇನ್ನೂ ಹೆಚ್ಚುತ್ತದೆ ಎಂಬುದು ಅವರ ಲೆಕ್ಕ. ಆಮೇಲೆ ಕೈ, ಮುಖ, ಕತ್ತು, ಕಾಲು. ಒರೆಸಿಕೊಂಡು ಮತ್ತೆ ಆರಲು ಬಿಡುತ್ತಿದ್ದರು. ಷೂ ಒರೆಸಿ, ತಲೆ ಬಾಚಿ, ಟೋಪಿ ಇಟ್ಟು, ಕೊನೆಗೆ ಕೋಟು. ಕತ್ತಿನವರೆಗೆ ಎಲ್ಲ ಗುಂಡಿ. ಹತ್ತು ಇಪ್ಪತ್ತಕ್ಕೆ ಅವರು ಒಳಗೆ ಬಂದರೆ ಪಕ್ಕದ ಬೀದಿಯಿಂದ ಛತ್ರಿ ಹಿಡಿದು ನಡೆದು ಬಂದವರಂತೆ ಕಾಣುತ್ತಿದ್ದರು.

ಕಚೇರಿಯಲ್ಲಿ ಅವರಿಗೆ ಮದುಮಗ ಎಂಬ ಹೆಸರಿತ್ತು. ಇಟ್ಟವನು ನಮ್ಮ ಜವಾನ, ಬಾಯಿ ಜೋರಿನ ಮನುಷ್ಯ. ಹತ್ತು ಗಂಟೆಗೆ ಯಾರಾದರೂ ಅವರನ್ನು ಕೇಳಿದರೆ, "ಮದುಮಗ ಅಲಂಕಾರಕ್ಕೆ ಕೂತವ್ರೆ, ಹತ್ತು ಇಪ್ಪತ್ತಕ್ಕೆ ಮುಹೂರ್ತ" ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದೆವು. ಅವರ ಹೆಂಡತಿ ಮದುವೆಯಾದ ಎರಡೇ ವರ್ಷಕ್ಕೆ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಅವರು ಒಬ್ಬರೇ ಇದ್ದರು ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಅದನ್ನೂ ಅವರು ಹೇಳಲಿಲ್ಲ. ಅವರ ಬಟ್ಟೆ ಯಾರು ಒಗೆಯುತ್ತಾರೆ ಎಂದು ನನ್ನ ಹೆಂಡತಿ ಒಮ್ಮೆ ಕೇಳಿದಳು. ನಾನು ಅವರನ್ನು ಕೇಳಿದೆ. ಒಗೆಯುವುದು, ಗಂಜಿ ಹಾಕುವುದು, ನೀಲಿ ಅದ್ದುವುದು, ಇದ್ದಿಲ ಇಸ್ತ್ರಿಪೆಟ್ಟಿಗೆ ಕಾಯಿಸುವುದು, ಎಲ್ಲ ತಾವೇ ಎಂದರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದರೆ ಸರಿಹೋಗುತ್ತದೆ ಎಂದರು. ನನ್ನನ್ನು ಮನೆಗೆ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಸಂಜೆ ಅಶೋಕ ಪಿಲ್ಲರ್‌ನಲ್ಲಿ ಅವರು ತಲೆಯಾಡಿಸಿ ಯಡಿಯೂರಿನ ಕಡೆ ತಿರುಗುತ್ತಿದ್ದರು, ನಾನು ನನ್ನ ಬ್ಲಾಕಿನ ಕಡೆ. ಬೆಳಿಗ್ಗೆ ನಲವತ್ತು ನಿಮಿಷ, ಸಂಜೆ ನಲವತ್ತು ನಿಮಿಷ, ಎಂಟು ವರ್ಷ. ಅಷ್ಟು ಕಾಲ ನಾನು ಹೆಚ್ಚಾಗಿ ನೋಡಿದ್ದು ಅವರ ಬೆನ್ನನ್ನು.

ದಾರಿಯಲ್ಲಿ ನನ್ನೊಂದಿಗೆ ಒಮ್ಮೆ ಮಾತ್ರ ಮಾತಾಡಿದರು. ನನ್ನ ಸೈಕಲ್ ಪಂಕ್ಚರ್ ಆಗಿ ಇಬ್ಬರೂ ಸಂಜೆ ಲಾಲ್‌ಬಾಗಿನ ಉದ್ದಕ್ಕೆ ನಡೆದೆವು. ನಡೆಯುವಾಗ ಮಾತಾಡಬಹುದಲ್ಲ. ಇಷ್ಟೆಲ್ಲ ಯಾಕೆ ಸಾರ್, ಮಳೆಯಲ್ಲಿ ನೆನೆದು ಬಂದರೆ ಯಾರೂ ಏನೂ ಅನ್ನುವುದಿಲ್ಲವಲ್ಲ, ಎಂದೆ.

"ಮಳೇಲಿ ನೆನೆದವನನ್ನ ಅಯ್ಯೋ ಪಾಪ ಅಂತಾರೆ. ಬೆವರಿದವನನ್ನ ಅನ್ನಲ್ಲ" ಎಂದರು. ಸ್ವಲ್ಪ ದೂರ ನಡೆದ ಮೇಲೆ, ತಾವಾಗಿಯೇ, ತಮ್ಮ ಮೊದಲ ಕೆಲಸದ ಮಾತೆತ್ತಿದರು. ಹತ್ತೊಂಬತ್ತು ವರ್ಷದವರಾಗಿದ್ದಾಗ, ಬಿಸಿಲಲ್ಲಿ ಸೈಕಲ್ ತುಳಿದು ಬಂದು ನೇರವಾಗಿ ಸಾಹೇಬರ ಕೋಣೆಗೆ ರುಜು ಹಾಕಿಸಲು ಹೋದರಂತೆ. ಸಾಹೇಬರು ರುಜು ಹಾಕಿದರು. ಹಾಕುತ್ತಲೇ ಜವಾನನನ್ನು ಕರೆದು ಕಿಟಕಿ ತೆಗೆಯಲು ಹೇಳಿದರು.

"ನನಗೇನೂ ಅನ್ನಲಿಲ್ಲ. ಕಿಟಕಿ ತೆಗಿ ಅಂದ್ರು, ಅಷ್ಟೇ."

ಅವರ ವಿಷಯ ನನಗೆ ಅರ್ಥವಾದದ್ದು ಆ ದಿನ. ಅರ್ಥವಾಗಿದ್ದೂ ನಾನು ಮಾಡಿದ್ದನ್ನು ಮಾಡಿದೆ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಸೆಕ್ಷನ್ನಿನ ಸೂಪರಿಂಟೆಂಡೆಂಟ್ ಹುದ್ದೆ ಖಾಲಿಯಾಯಿತು. ಹಿರಿತನದಲ್ಲಿ ಅವರೇ ಮೊದಲು. ನಿವೃತ್ತಿಗೆ ಇನ್ನು ಎರಡೂ ಚಿಲ್ಲರೆ ವರ್ಷ ಉಳಿದಿತ್ತು. ಈ ಸಲ ತಪ್ಪಿದರೆ ಮತ್ತೆ ಇಲ್ಲ. ಆಗ ಬಂದಿದ್ದ ಸಾಹೇಬರು ಹೊಸಬರು. ಕಾಗದ ನೋಡಿ ಬಡ್ತಿ ಕೊಡುವವರಲ್ಲ. ಹಿರಿಯ ಮೂವರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸಿ, ಅದೇ ದಿನ ತೀರ್ಮಾನಿಸುತ್ತೇನೆ ಎಂದರು. ದಿನ ಗೊತ್ತಾಯಿತು, ಹೊತ್ತು ಹತ್ತೂವರೆ.

ಅವರು ಯಾರಿಗೂ ಏನೂ ಹೇಳಲಿಲ್ಲ. ಆದರೆ ಹೊಸ ಕೋಟು ಹೊಲಿಸಲು ಹಾಕಿದರು. ಎಷ್ಟೋ ವರ್ಷದಿಂದ ಎರಡೇ ಕೋಟಿನಲ್ಲಿ ಕಾಲ ಹಾಕಿದ್ದ ಮನುಷ್ಯ. ಅವರಿಗೆ ಅದು ಎಷ್ಟು ಬೇಕಾಗಿತ್ತು ಎಂಬುದು ನನಗೆ ತಿಳಿದದ್ದು ಹೀಗೆ. ಹಿಂದಿನ ಸಂಜೆ ಸೈಕಲ್ ಸ್ಟ್ಯಾಂಡಿನಲ್ಲಿ ಅವರಾಗಿಯೇ ನನ್ನ ಹತ್ತಿರ ಬಂದು, ಹೊಸ ಬಟ್ಟೆ ಮಡಚಿದರೆ ಗೆರೆ ಹೋಗುವುದಿಲ್ಲವಂತೆ, ಏನು ಮಾಡುವುದು ಎಂದು ಕೇಳಿದರು. ಎಂಟು ವರ್ಷದಲ್ಲಿ ಅವರು ನನ್ನ ಸಲಹೆ ಕೇಳಿದ್ದು ಅದೇ ಮೊದಲು.

ನನಗೆ ಹೆಮ್ಮೆಯಾಯಿತು. "ನಾಳೆ ಒಂದಿನ ಬಸ್ಸಲ್ಲಿ ಹೋಗಿ ಸಾರ್. ಆರಾಮಾಗಿ ಕೋಟು ಹಾಕ್ಕೊಂಡು ಕೂತ್ಕೊಳ್ಳಿ" ಎಂದೆ. ಅವರು ಸ್ವಲ್ಪ ಯೋಚಿಸಿ, ಆಗಲಿ ಎಂದರು.

ಮರುದಿನ ನಾನು ಒಬ್ಬನೇ ತುಳಿದು ಬಂದು, ನಲ್ಲಿಯಲ್ಲಿ ಮುಖ ತೊಳೆದು, ಹತ್ತು ಇಪ್ಪತ್ತಕ್ಕೆ ನನ್ನ ಜಾಗದಲ್ಲಿ ಕೂತೆ. ಅವರ ಕುರ್ಚಿ ಖಾಲಿ. ಆಮೇಲೆ ತಿಳಿಯಿತು: ಮೊದಲ ಬಸ್ಸು ತುಂಬಿತ್ತು, ನಿಲ್ಲಲಿಲ್ಲ. ಎರಡನೆಯದು ನಿಲ್ದಾಣ ದಾಟಿ ನಿಂತಿತು. ಓಡಿ ಹತ್ತುವುದು ಅವರಿಂದಾಗುವ ಕೆಲಸವಲ್ಲ. ಮೂರನೆಯದರಲ್ಲಿ ಹತ್ತಿದರು, ಅದು ಲಾಲ್‌ಬಾಗ್ ದಾಟುವಾಗ ಹೊಗೆ ಬಿಟ್ಟು ನಿಂತುಹೋಯಿತು. ಅಲ್ಲಿಂದ ಅವರು ಕೋಟು ಹಾಕಿಕೊಂಡೇ ಓಡುನಡಿಗೆಯಲ್ಲಿ ಬಂದಿದ್ದರು. ಕೋಟು ತೆಗೆದು ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆಯುವುದು ಅವರಿಗೆ ಗೊತ್ತಿರಲಿಲ್ಲ.

ಹತ್ತೂವರೆಗೆ ಜವಾನ ಬಾಗಿಲಲ್ಲಿ ನಿಂತು ಅವರ ಹೆಸರು ಕರೆದ. ಇಲ್ಲ. ಎರಡನೆಯವರನ್ನು ಕರೆದ, ಅವರು ಒಳಗೆ ಹೋದರು.

ಹತ್ತು ಮೂವತ್ತೈದು. ನನ್ನ ಮೇಜು ಹಿಂದಿನ ಕಿಟಕಿಯ ಪಕ್ಕದಲ್ಲಿತ್ತು. ಆ ಕಿಟಕಿಯಿಂದ ಸೈಕಲ್ ಸ್ಟ್ಯಾಂಡು ಮತ್ತು ನಲ್ಲಿ ಕಾಣುತ್ತಿದ್ದವು, ಕೋಣೆಯಲ್ಲಿ ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಅವರು ಹಿಂಬಾಗಿಲಿನಿಂದ ಬಂದರು. ಟೋಪಿ ಕೈಯಲ್ಲಿತ್ತು. ಕೂದಲು ಹಣೆಗೆ ಅಂಟಿತ್ತು. ಹೊಸ ಕೋಟಿನ ಕಂಕುಳು ಕಪ್ಪಾಗಿತ್ತು. ಮುಖದ ಮೇಲೆ ಧೂಳು ಬೆವರಿನಲ್ಲಿ ಕಲೆತು ಗೆರೆಗೆರೆಯಾಗಿತ್ತು. ಅವರನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ. ನೇರವಾಗಿ ಒಳಗೆ ಬರುತ್ತಾರೆ ಎಂದುಕೊಂಡೆ. ಬರಲಿಲ್ಲ. ನೆರಳಿಗೆ ಹೋಗಿ ಕೋಟು ಬಿಚ್ಚಿ ಸೈಕಲ್ ಸ್ಟ್ಯಾಂಡಿನ ಕಂಬಿಗೆ ತೂಗುಹಾಕಿ, ಸುಮ್ಮನೆ ನಿಂತರು. ಮೊದಲ ಐದು ನಿಮಿಷ ಮೈ ಆರಬೇಕಲ್ಲ.

ಐದು ನಿಮಿಷ ತಡವಾಗಿ ಬಂದವರು ಇಪ್ಪತ್ತು ನಿಮಿಷ ತೆಗೆದುಕೊಂಡರು. ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ.

ಎರಡನೆಯವರು ಹೊರಗೆ ಬಂದರು, ಮೂರನೆಯವರು ಹೋಗಿ ಬಂದರು. ಹತ್ತು ಐವತ್ತಕ್ಕೆ ಜವಾನ ಮತ್ತೆ ಬಂದು ಕೋಣೆಯನ್ನೆಲ್ಲ ನೋಡಿದ. ಅವನ ದನಿಯಲ್ಲಿ ಅವತ್ತು ತಮಾಷೆಯಿರಲಿಲ್ಲ.

"ಬಂದ್ರಾ? ಯಾರಾದ್ರೂ ನೋಡಿದ್ರಾ? ಸಾಹೇಬ್ರು ಈಗ ಹೊರಗೆ ಹೋಗ್ತಾರೆ. ಬಂದಿದ್ರೆ ಕೂತಿರ್ತೀನಿ ಅಂದವ್ರೆ."

ನಾನು ಕಿಟಕಿಯ ಕಡೆ ನೋಡಿದೆ. ಅವರು ಕತ್ತು ಒರೆಸಿಕೊಳ್ಳುತ್ತಿದ್ದರು. 'ಬಂದಿದ್ದಾರೆ, ನಲ್ಲಿ ಹತ್ತಿರ ಇದ್ದಾರೆ' ಎಂದರೆ ಸಾಕಿತ್ತು. ಅನ್ನಲಿಲ್ಲ. ಹೇಳಿದರೆ ಜವಾನ ಹಿಂದಕ್ಕೆ ಓಡಿ, ಇಡೀ ಕಚೇರಿಗೆ ಕೇಳುವಂತೆ ಕರೆದು, ಅವರನ್ನು ಅರ್ಧ ಗುಂಡಿ ಹಾಕಿದ ಕೋಟಿನಲ್ಲೇ ಎಳೆತರುತ್ತಾನೆ, ಅದು ಅವರಿಗೆ ಸಾವು ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು. ಆದರೆ ಪೂರ್ತಿ ನಿಜವಲ್ಲ. ಹಿರಿಯರಿದ್ದ ಕೋಣೆಯಲ್ಲಿ ಕಿರಿಯವನು ಎದ್ದು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ನಾನು ಪದ್ಧತಿ ಮೀರುವವನಲ್ಲ. ತಲೆ ಬಗ್ಗಿಸಿ ಬರೆಯುತ್ತಾ ಕೂತೆ. ಜವಾನ ಒಂದು ಕ್ಷಣ ನಿಂತು ಹೋದ.

ಹತ್ತು ಐವತ್ತೈದಕ್ಕೆ ಅವರು ಒಳಗೆ ಬಂದರು. ಟೋಪಿ ನೇರವಾಗಿತ್ತು, ಕತ್ತಿನವರೆಗೆ ಗುಂಡಿ ಹಾಕಿತ್ತು, ಮುಖ ಒಣಗಿತ್ತು. ನನ್ನ ಮೇಜನ್ನು ದಾಟಿ ಸಾಹೇಬರ ಬಾಗಿಲಿಗೆ ಹೋದರು. ಜವಾನ ಕೈ ಅಡ್ಡ ಹಿಡಿದ.

"ಆಗೋಯ್ತು ಸ್ವಾಮಿ. ಈಗ್ತಾನೆ ರುಜು ಹಾಕಿ ಹೊರಟ್ರು."

ಹುದ್ದೆ ಅವರಿಗಿಂತ ನಾಲ್ಕು ವರ್ಷ ಕಿರಿಯರಾದ ಎರಡನೆಯವರಿಗೆ ಹೋಯಿತು. ಆ ಸಂಜೆಯೇ ಅವರು ಎದ್ದು ಹೋಗಿ ಹೊಸ ಸೂಪರಿಂಟೆಂಡೆಂಟರ ಕೈ ಕುಲುಕಿದರು. ಎಲ್ಲರೂ ನೋಡಿದೆವು.

ಮಾರನೆಯ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಅಶೋಕ ಪಿಲ್ಲರ್ ಬಳಿ ನಿಂತೆ. ಅವರು ಬರಲಿಲ್ಲ. ಐದು ನಿಮಿಷ ಕಾದೆ. ಸೈಕಲ್ ಶಾಪಿನವನು ಟ್ಯೂಬು ತೊಳೆಯುತ್ತಿದ್ದ. "ಅವ್ರು ಆಗ್ಲೇ ಹೋದ್ರಲ್ಲ ಸಾರ್, ಹತ್ತು ನಿಮಿಷ ಮುಂಚೇನೇ. ನಿಮಗೆ ಹೇಳಿಲ್ವಾ?" ಎಂದ.

ಹೇಳಿರಲಿಲ್ಲ. ಅದರ ಮಾರನೆಯ ದಿನವೂ ಹಾಗೆಯೇ, ಆಮೇಲೆ ದಿನವೂ ಹಾಗೆಯೇ. ಸಂಜೆ ನಾನು ಹೊರಡುವ ಹೊತ್ತಿಗೆ ಅವರಿಗೆ ಇನ್ನೂ ಕೆಲಸವಿರುತ್ತಿತ್ತು. ಕಚೇರಿಯಲ್ಲಿ ಮೊದಲಿನಂತೆಯೇ ಇದ್ದರು. ಫೈಲು ಕೇಳಿದರೆ ಕೊಡುತ್ತಿದ್ದರು, ತಪ್ಪಿದ್ದರೆ ತಿದ್ದುತ್ತಿದ್ದರು. ಹತ್ತು ನಿಮಿಷ ಮುಂಚೆ ಹೊರಡುವುದು ನನಗೇನೂ ಕಷ್ಟವಿರಲಿಲ್ಲ. ಆದರೆ ನನ್ನ ಊಟ ಒಂಬತ್ತಕ್ಕೆ, ಅದನ್ನು ಯಾಕೆ ಬದಲಿಸಬೇಕು ಎಂದುಕೊಂಡೆ. ಬಸ್ಸಿನ ಮಾತು ಹೇಳಿದ್ದಕ್ಕೆ ಕೋಪವಿರಬೇಕು, ತಾನಾಗಿ ಇಳಿಯುತ್ತದೆ ಎಂದುಕೊಂಡೆ. ಹೀಗೆ ಎರಡು ವರ್ಷ. ಕೆಲವು ದಿನ ಅವರು ಏರಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗುವಾಗ ತಡವಾಗಿರುತ್ತಿತ್ತು. ಆಗ ಲಾಲ್‌ಬಾಗಿನ ಗೋಡೆಯ ಆ ಕೊನೆಯಲ್ಲಿ ಬಿಳಿಯಾಗಿ ಕಾಣುತ್ತಿದ್ದರು. ಜೋರಾಗಿ ತುಳಿದಿದ್ದರೆ ಸಿಗುತ್ತಿದ್ದರು. ಜೋರಾಗಿ ತುಳಿದರೆ ಬೆವರು ಬರುತ್ತದೆ. ಕಲಿಸಿದವರು ಅವರೇ.

ಅವರು ನಿವೃತ್ತರಾದ ದಿನ ಎಲ್ಲರೂ ಸೇರಿ ಹಾರ ಹಾಕಿದೆವು. ಸೂಪರಿಂಟೆಂಡೆಂಟರು ಅವರ ಸಮಯಪಾಲನೆಯನ್ನು ಹೊಗಳಿ ಮಾತಾಡಿದರು. ನನಗೂ ಎರಡು ಮಾತಾಡಲು ಹೇಳಿದರು. ಎದ್ದೆ, ಅವರ ಅಚ್ಚುಕಟ್ಟಿನ ಬಗ್ಗೆ ಹೇಳಿದೆ, ಕೂತೆ.

ಅದಾಗಿ ಎಂಟು ತಿಂಗಳಿಗೆ ಸೈಕಲ್ ಶಾಪಿನವನು ಹೇಳಿದ: ಅವರು ಸೈಕಲ್ ಕೊಟ್ಟುಬಿಟ್ಟರು, ಮೈ ಹುಷಾರಿಲ್ಲ, ಪಕ್ಕದ ಮನೆಯವರು ಗಂಜಿ ಕೊಡುತ್ತಾರೆ. ಮರುದಿನ ಊಟ ಎಂಟೂ ಮುಕ್ಕಾಲಿಗೇ ಮುಗಿಸಿ ಯಡಿಯೂರಿಗೆ ಹೋದೆ. ಎರಡು ಕೋಣೆಯ ಹೆಂಚಿನ ಮನೆ. ಬಾಗಿಲು ತಟ್ಟಿದೆ. ಯಾರು ಎಂದರು. ಹೇಳಿದೆ. ಒಳಗೆ ಮಂಚ ಕಿರ್ರೆಂದಿತು, ಆಮೇಲೆ ಸುಮ್ಮನಾಯಿತು.

"ಒಳಗೆ ಕರೆಯೋ ಹಾಗಿಲ್ಲ. ಗಡ್ಡ ಬೆಳೆದಿದೆ. ಬಟ್ಟೆ ಸರಿಯಿಲ್ಲ."

ಪರವಾಗಿಲ್ಲ ಸಾರ್ ಎಂದೆ. ಡಾಕ್ಟರನ್ನು ಕರೆತರಲೇ ಎಂದೆ. ಬಂದು ಹೋಗಿದ್ದಾರೆ ಎಂದರು. ಅಕ್ಕನ ಮಗಳು ಬರುತ್ತಾಳೆ ಎಂದರು. ಬಾಗಿಲಿನ ಮರವನ್ನೇ ನೋಡುತ್ತ ನಿಂತೆ. ಮುಖ ಕಾಣದ್ದರಿಂದ ಧೈರ್ಯ ಬಂದಿರಬೇಕು. ಅವತ್ತು ಜವಾನ ಬಂದು ಕೇಳಿದಾಗ ನೀವು ನಲ್ಲಿ ಹತ್ತಿರ ಇದ್ದದ್ದು ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ, ಎಂದೆ. ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ನಿದ್ದೆ ಹೋದರೇನೋ ಎಂದುಕೊಂಡೆ.

"ಗೊತ್ತು" ಎಂದರು. "ನಲ್ಲಿ ಹತ್ರ ನಿಂತ್ರೆ ನಿಮ್ಮ ಮೇಜು ಕಾಣುತ್ತೆ. ಅವನು ಕೂಗಿದ್ದೂ ಕೇಳಿಸ್ತು."

ಬಾಗಿಲಿಗೆ ಇನ್ನೂ ಹತ್ತಿರ ಸರಿದೆ.

"ಬಂದೆ ಅಂತ ನಾನೂ ಅನ್ನಬಹುದಿತ್ತು. ಅನ್ನಲಿಲ್ಲ. ಅದು ನನ್ನ ತಪ್ಪು. ಆದ್ರೆ ಹತ್ತು ನಿಮಿಷ ಮುಂಚೆ ಯಾಕೆ ಹೊರಡ್ತೀರಿ ಅಂತ ನೀವು ಒಂದಿನ ಬಂದು ಕೇಳ್ತೀರಿ ಅಂದ್ಕೊಂಡಿದ್ದೆ."

ಆಮೇಲೆ ಕೆಮ್ಮಿದರು. ಕೆಮ್ಮು ನಿಂತ ಮೇಲೆ, ಕಚೇರಿಯಲ್ಲಿ ತಪ್ಪು ತಿದ್ದಿ ಫೈಲು ಹಿಂದಕ್ಕೆ ಕೊಡುವಾಗಿನ ಅದೇ ದನಿಯಲ್ಲಿ, "ಹೊತ್ತಾಯ್ತು, ಹೊರಡಿ. ಆಫೀಸಿಗೆ ಲೇಟಾಗುತ್ತೆ" ಎಂದರು.

ಕೈಗಡಿಯಾರ ನೋಡಿಕೊಂಡೆ. ಒಂಬತ್ತು ಇಪ್ಪತ್ತೆರಡು. ಅವರು ಹೇಳಿದ್ದು ಸರಿಯಾಗಿತ್ತು. ಬರ್ತೀನಿ ಸಾರ್ ಎಂದು ಮೆಟ್ಟಿಲಿಳಿದೆ. ಹಾಜರಿ ಪುಸ್ತಕದಲ್ಲಿ ಅವತ್ತೂ ನನ್ನ ರುಜು ಹತ್ತೂವರೆಗೆ ಮುಂಚೆಯೇ ಬಿತ್ತು.